ಗುಡ್ಲೊಳಗಿನ ರೈಲು

ನಮ್ಮ ಮನೆಯಲ್ಲಿ ಯಾರೂ ಉಣ್ಣದ ಒಂದು ತಟ್ಟೆ ಇತ್ತು. ಅಂಚು ಎದ್ದ, ಅಗಲವಾದ ಹಿತ್ತಾಳೆ ತಟ್ಟೆ. ಅಡುಗೆಮನೆಯ ಕಿಟಕಿಯ ಕೆಳಗೆ ಅದನ್ನು ಗೋಡೆಗೆ ಒರಗಿಸಿ ಇಡುತ್ತಿದ್ದೆವು. ಅದಕ್ಕೆ ಅಚ್ಚಿನ ತಟ್ಟೆ ಎಂದು ಹೆಸರು. ಶಿರಾದ ಪೇಟೆಬೀದಿಯಲ್ಲಿ ಮುಂದಕ್ಕೆ ಅಪ್ಪನ ಸೈಕಲ್ ಅಂಗಡಿ, ಅದರ ಬೆನ್ನಿಗೆ ನಮ್ಮ ಮನೆ, ನಡುವೆ ಗೋಣಿಯ ಪರದೆ ಇಳಿಬಿಟ್ಟ ಒಂದು ಬಾಗಿಲು. ಆ ಬಾಗಿಲಲ್ಲಿ ನಿಂತರೆ ಒಂದು ಕಡೆಯಿಂದ ಗ್ರೀಸಿನ ವಾಸನೆ, ಇನ್ನೊಂದು ಕಡೆಯಿಂದ ಹುರುಳಿ ಸಾರಿನ ವಾಸನೆ. ಅಪ್ಪ ಹಳೆಯ ಸೈಕಲ್ಲುಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಹೊಸ ಬಣ್ಣ ಹೊಡೆಯುತ್ತಿದ್ದ. ಬಣ್ಣ ಒಣಗಿದ ಚೌಕಟ್ಟನ್ನು ಪರದೆ ಸರಿಸಿ ಒಳಗೆ ಇಟ್ಟು ಹೋಗುತ್ತಿದ್ದ. ಅಲ್ಲಿಂದ ಮುಂದಿನದು ಅವ್ವನ ಕೆಲಸ. ಚೌಕಟ್ಟಿನ ಮೇಲೆ ಕಂಪನಿಯ ಹೆಸರು, ಹೂಬಳ್ಳಿ, ಕತ್ತು ಕೊಂಕಿಸಿದ ನವಿಲು, ಇವೆಲ್ಲ ಕಾಗದದಲ್ಲಿ ಅಚ್ಚಾಗಿ ಬರುತ್ತಿದ್ದವು. ಅಂಗಡಿಯವರು ಅದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಿದ್ದರು, ಅವ್ವ ಅಚ್ಚು ಎನ್ನುತ್ತಿದ್ದಳು. ಕಾಗದದ ಬಣ್ಣದ ಮುಖಕ್ಕೆ ತೆಳ್ಳಗೆ ವಾರ್ನಿಷ್ ಬಳಿದು, ಅದು ಬೆರಳಿಗೆ ಅಂಟಂಟಾಗುವವರೆಗೆ ಕಾದು, ಮುಖ ಕೆಳಗೆ ಮಾಡಿ ಕಂಬಿಗೆ ಒತ್ತಬೇಕು. ಆಮೇಲೆ ಅಚ್ಚಿನ ತಟ್ಟೆಯ ನೀರಿನಲ್ಲಿ ಹಳೆ ಸೀರೆಯ ತುಂಡು ಅದ್ದಿ ಮೇಲಿಟ್ಟು, ಕಾಗದ ನೆಂದ ಮೇಲೆ ಉಸಿರು ಬಿಗಿಹಿಡಿದು ಸುಲಿಯಬೇಕು. ಕಾಗದದಲ್ಲಿ ಕನ್ನಡಿಯೊಳಗಿನ ಬರಹದಂತೆ ಹಿಂದುಮುಂದಾಗಿದ್ದ ಅಕ್ಷರ ಕಂಬಿಯ ಮೇಲೆ ನೆಟ್ಟಗೆ ಕೂತಿರುತ್ತಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಅವಳು ಕೂರಿಸಿದ ಒಂದು ಅಕ್ಷರವೂ ಸೊಟ್ಟಗಾದದ್ದನ್ನು ನಾನು ಕಾಣೆ.

ಶಿರಾದ ಬಾವಿ ನೀರು ಗಡುಸು, ಒಣಗಿದರೆ ಬಿಳಿಯ ಕಲೆ ನಿಲ್ಲುತ್ತಿತ್ತು. ಅದಕ್ಕೇ ಅಚ್ಚಿಗೆ ಕಾಯಿಸಿ ಆರಿಸಿ ಸೋಸಿದ ನೀರೇ ಆಗಬೇಕು. ಆ ನೀರು ಸೋಸುವ ಕೆಲಸದಿಂದ ನನ್ನ ಕಲಿಕೆ ಶುರುವಾಯಿತು. ಹತ್ತು ವರ್ಷಕ್ಕೆ ವಾರ್ನಿಷ್ ಬಳಿಯುತ್ತಿದ್ದೆ, ಹನ್ನೊಂದಕ್ಕೆ ಹಿಂದಿನ ಮಡ್‌ಗಾರ್ಡಿನ ಚಿಕ್ಕ ಹೂವುಗಳನ್ನು ನಾನೇ ಕೂರಿಸುತ್ತಿದ್ದೆ. ಮುಂದೆ ಬಾಳಿನುದ್ದಕ್ಕೂ ಬೋರ್ಡು ಬರೆದು ಬದುಕಿದವಳು ನಾನು. ನನ್ನ ಕೈ ತಯಾರಾದದ್ದು ಆ ಕಿಟಕಿಯ ಕೆಳಗೆ. ಮುಂದುಗಡೆ ಗಿರಾಕಿಗಳು ಸೈಕಲ್ಲನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, ‘ರಂಗಣ್ಣ, ನಿನ್ನ ಕೈಗೆ ಬಂಗಾರದ ಕಡಗ ಹಾಕ್ಬೇಕು’ ಎನ್ನುತ್ತಿದ್ದರು. ಅಪ್ಪ ನಕ್ಕು ಸುಮ್ಮನಾಗುತ್ತಿದ್ದ. ಪರದೆಯ ಹಿಂದೆ ಅವ್ವ ರಾಗಿಹಿಟ್ಟು ಜರಡಿ ಹಿಡಿಯುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ನನಗೆ ಮಾತ್ರ ಆ ಪರದೆಯನ್ನು ಕಿತ್ತು ಬೀದಿಗೆ ಎಸೆಯಬೇಕು ಎನ್ನಿಸುತ್ತಿತ್ತು.

ತಿಂಗಳಲ್ಲಿ ಮೂರು ದಿನ ಅಂಗಡಿಯ ಈ ಕೆಲಸ ನಿಲ್ಲುತ್ತಿತ್ತು. ಅವ್ವ ಹಿತ್ತಿಲ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು ಇಟ್ಟುಕೊಂಡು ಹೊರಗೆ ಕೂರುತ್ತಿದ್ದಳು. ಆಯುಧ ಪೂಜೆಯಲ್ಲಿ ಕುಂಕುಮ ಇಡಿಸಿಕೊಳ್ಳುವ ಸೈಕಲ್ಲನ್ನು ಆ ದಿನಗಳಲ್ಲಿ ಮುಟ್ಟಕೂಡದು. ಇದು ಅಜ್ಜಿಯ ಕಟ್ಟು. ಅಜ್ಜಿ ಎಂದರೆ ಅಪ್ಪನ ತಾಯಿ, ಮನೆಯ ಮಡಿ ಮೈಲಿಗೆ ಎಲ್ಲ ಅವಳ ಕಣ್ಣಳತೆಯಲ್ಲಿ ನಡೆಯಬೇಕು. ಗಿರಾಕಿಗಳಿಗೆ ಅಪ್ಪ ಏನೆಂದು ಹೇಳಬೇಕು? ಯಾರೇ ಬರಲಿ, ಅವನದು ಒಂದೇ ಉತ್ತರ.

‘ಬಣ್ಣ ಒಣಗಿಲ್ಲ ಕಣಣ್ಣ. ಮೂರು ದಿನ ಬುಟ್ಟು ಬಾ.’

ತಾವರೆಕೆರೆಯ ಕಡೆಯ ರೈತನೊಬ್ಬ ಒಮ್ಮೆ ನೆತ್ತಿ ಸುಡುವ ಬಿಸಿಲಲ್ಲಿ ನಿಂತು ಕೇಳಿದ್ದು ನನಗೆ ಇನ್ನೂ ನೆನಪಿದೆ.

‘ಈ ಬಿಸ್ಲಲ್ಲೂ ಒಣಗದಿರೋ ಬಣ್ಣ ಎಲ್ಲಿ ಸಿಕ್ತು ರಂಗಣ್ಣ? ನಮ್ಮ ಬಾವಿಗೂ ಒಂದು ಡಬ್ಬ ಸುರಿ, ನೀರಾದ್ರೂ ನಿಂತ್ಕಳ್ಳಿ.’

ನನಗೆ ಹನ್ನೆರಡು ತುಂಬಿದ ಮೇಲೆ ಅಜ್ಜಿಯ ಮಾತು ನನ್ನ ಕಡೆಗೂ ತಿರುಗಿತು. ನಾನು ತಟ್ಟೆಯ ಮುಂದೆ ಕೂತಾಗೆಲ್ಲ ಅವಳು ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸುತ್ತಿದ್ದಳು.

‘ಇವ್ಳೊಬ್ಳು ದೊಡ್ಡೋಳಾಗ್ಲಿ, ಆಮೇಲೆ ಅಂಗಡಿ ಸಾಮಾನು ಮುಟ್ಟೋದೆಲ್ಲ ಮುಗೀತು. ಅತ್ತೆ ಮನೇಲಿ ಇವ್ಳು ಸೈಕಲ್ಲಿಗೆ ನವಿಲು ಅಂಟುಸ್ತಾಳಾ?’

ಅವ್ವ ಮುಂದಿನ ಕಾಗದಕ್ಕೆ ಕತ್ತರಿ ಹಾಕುತ್ತಿದ್ದಳು. ದೊಡ್ಡವಳಾಗುವುದೆಂದರೆ ನನ್ನಿಂದ ಆ ತಟ್ಟೆಯನ್ನು ಕಿತ್ತುಕೊಳ್ಳುವುದು ಎಂದೇ ನಾನು ತಿಳಿದಿದ್ದೆ.

ಅಂಥ ದಿನಗಳಲ್ಲಿ ನಮ್ಮ ಹಿಂದಿನ ಓಣಿಯ ರಹಮತ್ ಸಾಬರು ಒಂದು ಮರದ ಪೆಟ್ಟಿಗೆ ಹಿಡಿದು ಅಂಗಡಿಗೆ ಬಂದರು. ಬೊಂಬಾಯಿಯಿಂದ ಹೊರಡುವ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಾ ವರ್ಷಗಟ್ಟಲೆ ಕಡಲು ಸುತ್ತಿ, ಈಗ ಸಾಕೆಂದು ಊರಿಗೆ ಮರಳಿದ್ದರು. ಬಸ್ ನಿಲ್ಲುವ ಕಡೆ ಟೀ ಹೋಟೆಲು ತೆರೆಯುವ ತಯಾರಿಯಲ್ಲಿದ್ದರು. ಪೆಟ್ಟಿಗೆಯ ಮುಚ್ಚಳ ಜಾರಿಸಿದಾಗ ಒಳಗೆ ಮೆತ್ತನೆಯ ಕಾಗದದ ನಡುವೆ, ಜಪಾನಿನಿಂದ ತಂದ ಹಿತ್ತಾಳೆಯ ಒಂದು ಇಂಜಿನ್, ಮೂರು ಡಬ್ಬಿ. ಇಂಜಿನ್ ನನ್ನ ಒಂದು ಗೇಣಿಗಿಂತ ತುಸು ದೊಡ್ಡದು. ಡಬ್ಬಿಯ ಕಿಟಕಿಗಳು ಅವರೆಕಾಳಿನಷ್ಟು. ಏಣಿಗೆ ಎಣಿಸಬಹುದಾದ ಮೆಟ್ಟಿಲು, ಬಾಗಿಲಿಗೆ ಎಳ್ಳಿನಷ್ಟು ಹಿಡಿ. ಬಣ್ಣ ಮಾತ್ರ ಇಲ್ಲ, ಎಲ್ಲ ಬರೀ ಹಿತ್ತಾಳೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ನಮ್ಮ ಕಡೆ ಎತ್ತ ಹೋದರೂ ರೈಲಿಲ್ಲ. ರೈಲು ನೋಡಬೇಕೆಂದರೆ ಬಸ್ಸು ಹತ್ತಿ ತುಮಕೂರಿಗೆ ಹೋಗಬೇಕು. ನಾನು ಅಲ್ಲಿಯವರೆಗೆ ರೈಲು ಕಂಡವಳೇ ಅಲ್ಲ. ನಾನು ಮೊದಲು ನೋಡಿದ ರೈಲು ಜಪಾನಿನದು, ಅದೂ ಪರದೆಯ ಸಂದಿಯಿಂದ.

‘ಮೊಮ್ಮಕ್ಳಿಗೆ ಆಟಕ್ಕಾ ಸಾಬ್ರೇ?’ ಎಂದ ಅಪ್ಪ.

‘ಆಟದ್ದಲ್ಲ ರಂಗಣ್ಣ, ಮಾಡೆಲ್ಲು. ಅಲ್ಲಿ ನನಗಿಂತ ವಯಸ್ಸಾದೋರು ಕನ್ನಡಕ ಹಾಕ್ಕೊಂಡು ಕೂತು ಬಣ್ಣ ಬಳಿದು, ಅಕ್ಷರ ಅಂಟಿಸ್ತಾರೆ. ಅಕ್ಷರದ ಕಾಗದಾನೂ ತಂದಿದ್ದೀನಿ, ಇದೊಂದೇ ಇರೋದು, ಹುಷಾರು. ಶುಕ್ರವಾರ ಹೋಟ್ಲು ಶುರು. ಗಲ್ಲಾ ಹಿಂದೆ ಗಾಜಿನ ಬೀರೂನಲ್ಲಿ ಇದು ನಿಲ್ಬೇಕು. ಅಕ್ಷರ ಇಲ್ದೆ ಇದ್ರೆ ರೈಲಲ್ಲ, ಬರೀ ಡಬ್ಬ.’

ಅಪ್ಪ ಇಂಜಿನ್ನಿಗೆ ಕಪ್ಪು, ಡಬ್ಬಿಗಳಿಗೆ ಕಂದುಗೆಂಪು ಬಣ್ಣ ಹೊಡೆದ. ಸೋಮವಾರ ಅವು ಗೋಣಿ ಪರದೆ ದಾಟಿ ಅವ್ವನ ಮುಂದೆ ಬಂದು ಕೂತವು. ಕಾಗದದಲ್ಲಿ ಒಂದೊಂದು ಡಬ್ಬಿಯ ಒಂದೊಂದು ಮಗ್ಗುಲಿಗೂ ಎರಡೆರಡು ಜಪಾನಿ ಅಕ್ಷರ, ಪಕ್ಕದಲ್ಲಿ ಬೇರೆಯಾಗಿ ಎರಡು ಅಂಕಿ, ಎಲ್ಲ ಬಿಳಿ. ಒಂದು ಅಕ್ಷರ ಅಕ್ಕಿಕಾಳಿನಷ್ಟು. ಅವ್ವ ಕತ್ತರಿಯಲ್ಲಿ ಮೊದಲ ತುಂಡು ಕತ್ತರಿಸಿದಳು, ನಾನು ವಾರ್ನಿಷ್ ಬಳಿದೆ, ಅವಳು ಎಂದಿನಂತೆ ಮುಖ ಕೆಳಗೆ ಮಾಡಿ ಒತ್ತಿದಳು. ಕಾಗದ ನೆಂದು ಸುಲಿಯಿತು. ಎರಡು ಅಕ್ಷರ ಚೂರೂ ಹರಿಯದೆ ಕೂತಿದ್ದವು. ಜಪಾನಿ ಯಾರಿಗೆ ಬರುತ್ತದೆ, ನಾವಿಬ್ಬರೂ ಮುಖ ನೋಡಿಕೊಂಡು ನಕ್ಕೆವು. ಆಮೇಲೆ ಅಂಕಿಯನ್ನೂ ಹಾಗೆಯೇ ಒತ್ತಿ ಸುಲಿದಾಗ ನನ್ನ ನಗು ನಿಂತಿತು. ಶಾಲೆಯಲ್ಲಿ ಇಂಗ್ಲಿಷ್ ಅಂಕಿ ಕಲಿತಿದ್ದೆ. ಡಬ್ಬಿಯ ಮೇಲಿದ್ದ ಮೂರರ ಅಂಕಿ ನನಗೆ ಬೆನ್ನು ತಿರುಗಿಸಿ ನಿಂತಿತ್ತು. ಆಗ ಕಾಗದ ನೋಡಿದೆ. ಅದರಲ್ಲಿ ಉಳಿದ ಅಂಕಿಗಳೆಲ್ಲ ನೆಟ್ಟಗೇ ಇದ್ದವು. ಸೈಕಲ್ಲಿನ ಅಚ್ಚಿನಂತೆ ಇದು ಹಿಂದುಮುಂದಾಗಿ ಅಚ್ಚಾದದ್ದಲ್ಲ. ಅದು ಮೊದಲಿನಿಂದ ನಮ್ಮ ಕಣ್ಣ ಮುಂದೆಯೇ ಇತ್ತು. ಸಾವಿರ ಸೈಕಲ್ಲಿಗೆ ಒತ್ತಿದ ಕೈ ಕಣ್ಣನ್ನು ಕೇಳಿರಲಿಲ್ಲ.

‘ಹಂಗಾರೆ ಆ ಮೊದಲಿನ ಅಕ್ಷರಾನೂ?’ ಎಂದಳು ಅವ್ವ.

‘ಅದೂ ತಿರುಗಾಮುರುಗ ಕಣವ್ವ.’

ಅವ್ವ ಎರಡು ಕೈಯನ್ನೂ ಸೆರಗಿನಲ್ಲಿ ಒರೆಸಿಕೊಂಡು, ಅವು ಬೇರೆ ಯಾರದೋ ಕೈ ಎನ್ನುವಂತೆ ನೋಡುತ್ತಾ ಕೂತಳು. ಅಪ್ಪ ಬಂದು ನೋಡಿ ಬೈಯಲಿಲ್ಲ, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಟರ್ಪೆಂಟೈನ್ ಹಾಕಿ ಆ ಮಗ್ಗುಲನ್ನು ಒರೆಸಿ, ಮತ್ತೆ ಬಣ್ಣ ಬಳಿದಿಟ್ಟು ಹೋದ.

ಮರುದಿನ ಶಾಲೆಯಿಂದ ಬಂದವಳೇ ನಾನು ಆ ಕಾಗದದ ಅಂಚಿನಲ್ಲಿದ್ದ, ಯಾವ ಡಬ್ಬಿಗೂ ಸೇರದ ಒಂದು ಚಿಕ್ಕ ಗುರುತನ್ನು ಕತ್ತರಿಸಿ, ವಾರ್ನಿಷ್ ಇಲ್ಲದೆ ಸುಮ್ಮನೆ ನೀರಿಗೆ ಹಾಕಿದೆ. ನೂರು ಎಣಿಸುವಷ್ಟರಲ್ಲಿ ಕಾಗದ ಸುರುಳಿ ಸುತ್ತಿ ಬಿಚ್ಚಿಕೊಂಡಿತು. ಎತ್ತಿ ಬೆರಳಲ್ಲಿ ಮುಟ್ಟಿದರೆ ಗುರುತು ಕಾಗದದ ಮೇಲೆ ಮೆಲ್ಲಗೆ ಜಾರಿತು, ಹಾಲಿನ ಕೆನೆ ಜಾರಿದಂತೆ. ಒತ್ತುವುದೇ ಬೇಡ, ಸುಲಿಯುವುದೇ ಬೇಡ. ಮುಖ ಮೇಲೆ ಮಾಡಿಯೇ ಇಟ್ಟು, ಕಾಗದವನ್ನು ಅಡಿಯಿಂದ ಎಳೆದರೆ ಸಾಕು. ಅವ್ವನನ್ನು ಕರೆದು ತೋರಿಸಿದೆ. ಅಂಚಿನ ಇನ್ನೊಂದು ಗುರುತಿನ ಮೇಲೆ ಅವಳೂ ಕೈ ಹಾಕಿದಳು. ಆದರೆ ಅವಳ ಹೆಬ್ಬೆರಳು ತಾನಾಗಿಯೇ ಒತ್ತಿತು, ಗುರುತು ಮುದುಡಿ ಉಂಡೆಯಾಯಿತು.

‘ನಂದು ಒತ್ತೋ ಕೈ ಕಣೇ ರತ್ನಿ. ಇದು ನಿನ್ನ ಕೈಗೇ ಬರೋದು. ನಾಳೆ ನೀನೇ ಕೂರ್ಸು.’

ಮರುದಿನ ಬೆಳಿಗ್ಗೆಗೆ ನಾನು ದೊಡ್ಡವಳಾಗಿದ್ದೆ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ತಾವರೆಕೆರೆಯಿಂದ ಸೋದರಮಾವ ಬಂದು ಹಿತ್ತಿಲಲ್ಲಿ ನನಗೆ ಗುಡ್ಲು ಹಾಕತೊಡಗಿದ. ಮೈನೆರೆದ ಹುಡುಗಿಗೆ ಸೋದರಮಾವ ಹಸಿರು ಸೊಪ್ಪಿನಲ್ಲಿ ಕಟ್ಟಿಕೊಡುವ ಚಿಕ್ಕ ಗುಡಿಸಲು ಅದು. ನಾಲ್ಕು ಗೂಟ, ತೆಂಗಿನ ಗರಿ, ಹೊಂಗೆ ಸೊಪ್ಪು. ಒಳಗೆ ನನಗೊಂದು ಚಾಪೆ, ನನಗೇ ಒಂದು ತಟ್ಟೆ, ನನಗೇ ಒಂದು ಚೊಂಬು, ಕುಡಿಯಲು ಕಾಯಿಸಿ ಆರಿಸಿದ ನೀರು. ತಿನ್ನಲು ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ. ನಾನು ಮುಟ್ಟಿದ್ದನ್ನು ಯಾರೂ ಮುಟ್ಟುವಂತಿಲ್ಲ, ನಾನು ಯಾರನ್ನೂ ಮುಟ್ಟುವಂತಿಲ್ಲ. ಗುರುವಾರ ಬೆಳಿಗ್ಗೆ ಅಪ್ಪ ಹಿತ್ತಿಲ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳುವುದು ಕೇಳಿಸಿತು.

‘ಸಾಬ್ರಿಗೆ ಬಣ್ಣ ಒಣಗಿಲ್ಲ ಅಂದ್ಬುಡ್ತೀನಿ. ಇನ್ನೇನ್ ಮಾಡೋದು?’

ಅಜ್ಜಿ ಒಳಗಿನಿಂದಲೇ ಅಂದಳು:

‘ಹೋಟ್ಲು ನಡ್ಯೋಕೆ ರೈಲು ಯಾಕೆ? ಟೀ ಪುಡಿ ಇದ್ರೆ ಸಾಕು. ಇನ್ಮೇಲೆ ಆ ಹುಡುಗಿ ಕೈಗೆ ಅಂಗಡಿ ಸಾಮಾನು ಕೊಡಂಗಿಲ್ಲ, ಹೇಳಿವ್ನಿ.’

ನಾನು ಗರಿಯ ಸಂದಿಯಿಂದ ನೋಡುತ್ತಿದ್ದೆ. ಅವ್ವ ಹೊತ್ತು ಏರಿದ ಮೇಲೆ ನನಗೆ ಊಟ ತಂದಳು. ಅನ್ನವನ್ನು ಮೇಲಿನಿಂದ ನನ್ನ ತಟ್ಟೆಗೆ ಬಡಿಸಿ, ಸೆರಗಿನ ಅಡಿಯಿಂದ ಮರದ ಪೆಟ್ಟಿಗೆ ತೆಗೆದು ಗುಡ್ಲಿನ ಬಾಯಲ್ಲಿಟ್ಟು, ಹಿಂದಕ್ಕೆ ಸರಿದು ನಿಂತಳು. ನಾನು ಅವಳ ಮುಖ ನೋಡಿದೆ. ಅವಳು ಬೇಲಿಯ ಕಡೆ ನೋಡುತ್ತಿದ್ದಳು. ಕೈ ಚಾಚಿ ಪೆಟ್ಟಿಗೆಯನ್ನು ಒಳಕ್ಕೆ ಎಳೆದುಕೊಂಡೆ. ಅಷ್ಟರಲ್ಲಿ ಅಜ್ಜಿ ಬಂದಳು.

‘ಲೇ ರತ್ನಿ, ಅದೇನೇ ಒಳಗೆ?’

‘ರೈಲು.’

‘ಈಚೆಗೆ ಇಡು ಅದನ್ನ.’

‘ಇಡ್ತೀನಿ. ಯಾರು ಎತ್ಕೊತೀರಾ?’

ಅಜ್ಜಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಮುಟ್ಟಿಯಾಗಿತ್ತು. ಇನ್ನು ಗುಡ್ಲು ಇಳಿಯುವವರೆಗೆ ಆ ರೈಲು ನನ್ನದೇ. ನನ್ನನ್ನು ತಡೆಯಲು ಹಾಕಿದ ಕಟ್ಟು ನನಗೇ ಕಾವಲು ನಿಂತಿತ್ತು.

‘ಬಾಯಿ ನೋಡು ಇವ್ಳದು. ಆಯುಧ ಪೂಜೆ ಮಾಡೋ ಸಾಮಾನು ಕಣೇ ಅದು.’

‘ಸೈಕಲ್ಲಿಗೆ ಪೂಜೆ ಮಾಡಿದ್ದೀವಿ. ರೈಲಿಗೆ ಯಾವತ್ತು ಮಾಡಿದ್ದೀವಜ್ಜಿ? ರೈಲೇ ನಮ್ಮೂರಿಗೆ ಬಂದಿಲ್ಲ.’

ಗುಡ್ಲಿನ ಮೇಲೆ ಉಳಿದ ಗರಿ ಬಿಗಿಯುತ್ತಿದ್ದ ಮಾವ ನಗು ತಡೆಯಲಾರದೆ ಅಂದ:

‘ಅಕ್ಕಾ, ಗುಡ್ಲು ಹಾಕ್ಕೊಡು ಅಂತ ಕರ್ಸಿದ್ರಿ, ನಿನ್ ಮಗ್ಳು ಟೇಸನ್ನು ಮಾಡ್ಕೊಂಬುಟ್ಟವ್ಳೆ.’

ಉಂಡ ತಟ್ಟೆಯನ್ನು ತೊಳೆದು, ಕುಡಿಯುವ ಚೊಂಬಿನಿಂದಲೇ ನೀರು ಸುರಿದುಕೊಂಡೆ. ಕಾಯಿಸಿ ಆರಿಸಿದ ನೀರು, ಅಚ್ಚಿಗೆ ಬೇಕಾದದ್ದೇ. ಗುಡ್ಲಿನ ಗೋಡೆಯಿಂದ ಒಂದು ಗರಿಯ ಕಡ್ಡಿ ಕಿತ್ತು ಹಲ್ಲಿನಲ್ಲಿ ಚೂಪು ಮಾಡಿಕೊಂಡೆ. ಪೆಟ್ಟಿಗೆಯಲ್ಲಿ ಅವ್ವ ಮೊದಲೇ ಕತ್ತರಿಸಿಟ್ಟಿದ್ದ ಅಕ್ಷರದ ತುಂಡುಗಳನ್ನು ಒಂದೊಂದೇ ನೀರಿಗೆ ಹಾಕಿ, ನೂರು ಎಣಿಸಿ, ಡಬ್ಬಿಯ ಮೇಲೆ ಜಾರಿಸಿ, ಕಡ್ಡಿಯ ತುದಿಯಿಂದ ನೂಲಿನಷ್ಟು ಅತ್ತ ಇತ್ತ ಸರಿಸಿ, ನನ್ನ ಹಳೆಯ ಲಂಗದ ಚುಂಗಿನಿಂದ ನೀರು ಹೀರಿಸಿದೆ. ಸೊಪ್ಪಿನ ಸಂದಿಯ ಬಿಸಿಲು ಸರಿದ ಹಾಗೆಲ್ಲ ನಾನೂ ಚಾಪೆಯ ಮೇಲೆ ಸರಿದು ಕೂತೆ. ಎರಡನೆಯ ಡಬ್ಬಿಯ ಹೊತ್ತಿಗೆ ಉಸಿರು ಬಿಗಿಹಿಡಿಯುವುದನ್ನು ಮರೆತಿದ್ದೆ. ಸಂಜೆ ಆರತಿ ಎತ್ತಲು ಬಂದ ಓಣಿಯ ಹೆಂಗಸರು ಹಾಡು ಅರ್ಧಕ್ಕೇ ನಿಲ್ಲಿಸಿ ಒಳಗೆ ಬಗ್ಗಿ ನೋಡಿದರು.

‘ಇದೇನವ್ವ, ಗಂಡು ರೈಲಲ್ಲೇ ಬತ್ತಾನಾ?’ ಎಂದಳು ಒಬ್ಬಳು.

ಅಜ್ಜಿ ಅತ್ತ ತಿರುಗಿ ಆರತಿ ತಟ್ಟೆಯ ಬತ್ತಿ ಸರಿಮಾಡಿದಳು.

ಕೊನೆಗೆ ಉಳಿದದ್ದು ನಾವು ಕೆಡಿಸಿದ್ದ ಆ ಒಂದು ಮಗ್ಗುಲು. ಅದಕ್ಕೆ ಕಾಗದದಲ್ಲಿ ಅಕ್ಷರ ಉಳಿದಿರಲಿಲ್ಲ. ಇನ್ನೊಂದು ಮಗ್ಗುಲನ್ನು ನೋಡಿ ಜಪಾನಿ ಅಕ್ಷರವನ್ನೇ ತಿದ್ದಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಪ್ಪನ್ನು ಕದ್ದು ಮುಚ್ಚುವುದು, ಮಾಡಿದ ಕೈಯನ್ನು ಪರದೆಯ ಹಿಂದೆ ಬಚ್ಚಿಡುವುದು, ಇದೆಲ್ಲ ನಮ್ಮ ಮನೆಯಲ್ಲಿ ಸಾಕಷ್ಟು ನಡೆದಿದೆ ಎನ್ನಿಸಿತು. ಮಾವನನ್ನು ಕೇಳಿ ಒಂದು ಕರಟದ ಚೂರಿನಲ್ಲಿ ಬಿಳಿ ಬಣ್ಣ ತರಿಸಿಕೊಂಡೆ. ಕಡ್ಡಿಯನ್ನು ಅದ್ದಿ, ಆ ಖಾಲಿ ಮಗ್ಗುಲಿನ ಮೇಲೆ ಕನ್ನಡದಲ್ಲಿ ‘ಶಿರಾ’ ಎಂದು ಬರೆದೆ. ನನ್ನ ಬಾಳಿನ ಮೊದಲ ಬೋರ್ಡು ಅದು.

ಶುಕ್ರವಾರ ಬೆಳಿಗ್ಗೆ ಸಾಬರ ದನಿ ಅಂಗಡಿಯ ಕಡೆಯಿಂದ ಕೇಳಿಸಿತು. ಅದರ ಹಿಂದೆಯೇ ಅಪ್ಪನ ದನಿ.

‘ಬಣ್ಣ ಒಣಗಿಲ್ಲ ಸಾಬ್ರೇ.’

ಗುಡ್ಲಿನಲ್ಲಿ ಕೂತವಳ ದನಿ ಹೊರಗಿನ ಗಂಡಸರಿಗೆ ಕೇಳಿಸಬಾರದು. ನಾನು ಗರಿ ಸರಿಸಿ, ಇಡೀ ಓಣಿಗೆ ಕೇಳುವಂತೆ ಕೂಗಿದೆ.

‘ಒಣಗೈತೆ. ಎಲ್ಲಾ ಅಕ್ಷರಾನೂ ಕೂತೈತೆ. ಬಂದು ತಗೊಂಡೋಗಿ.’

ಸಾಬರು ಓಣಿ ಬಳಸಿ ಹಿತ್ತಿಲ ಬೇಲಿಯ ಹೊರಗೆ ಬಂದು ನಿಂತರು, ಹಿಂದೆಯೇ ಅಪ್ಪ. ಅಜ್ಜಿ ಅಡ್ಡ ಹೋದಳು.

‘ಗಂಡಸ್ರು ಬರಂಗಿಲ್ಲ ಸಾಬ್ರೇ, ಹುಡುಗಿ ಗುಡ್ಲಲ್ಲವ್ಳೆ.’

‘ನಾನು ಆ ಕಡೆ ತಿರುಗಿ ನಿಂತ್ಕೋತೀನಿ ಅಮ್ಮಾ. ರೈಲು ಮಾತ್ರ ಕೊಡ್ಸಿ’ ಎಂದು ಸಾಬರು ನಿಜವಾಗಿಯೂ ಬೆನ್ನು ತಿರುಗಿಸಿ ನಿಂತರು.

ಗುಡ್ಲಿನಿಂದ ಬೇಲಿಗೆ ಹತ್ತು ಹೆಜ್ಜೆ. ನಾನು ಹೊರಗೆ ಬರುವಂತಿಲ್ಲ, ಬೇರೆಯವರು ಪೆಟ್ಟಿಗೆ ಮುಟ್ಟುವಂತಿಲ್ಲ. ಎಲ್ಲರೂ ನಿಂತಲ್ಲೇ ನಿಂತಿದ್ದರು. ಅವ್ವ ಬಚ್ಚಲ ಒಲೆಗೆ ಸೌದೆ ತಳ್ಳಿ ಎದ್ದು, ಸೀದಾ ಗುಡ್ಲಿನ ಬಾಯಿಗೆ ಬಂದು, ನನ್ನ ಕೈಯಿಂದ ಪೆಟ್ಟಿಗೆ ಇಸಿದುಕೊಂಡಳು. ನನ್ನ ಬೆರಳನ್ನು ಮುಟ್ಟಿಯೇ ಇಸಿದುಕೊಂಡಳು.

‘ಮುಟ್ಬುಟ್ಯಲ್ಲೇ’ ಎಂದಳು ಅಜ್ಜಿ.

‘ಮುಟ್ಟಿದ್ದೀನಿ ಅತ್ತೆ. ಸ್ನಾನ ಮಾಡ್ಕೊತೀನಿ. ನೀರು ಕಾಯ್ತಾ ಐತೆ.’

ಅವ್ವ ಬೇಲಿಯ ಮೇಲಿಟ್ಟ ಪೆಟ್ಟಿಗೆಯನ್ನು ಸಾಬರು ಅಲ್ಲೇ ತೆರೆದು ಒಂದೊಂದೇ ಡಬ್ಬಿಯನ್ನು ಬಿಸಿಲಿಗೆ ಹಿಡಿದರು. ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿ ತಲೆದೂಗಿದರು. ಮೂರನೆಯದನ್ನು ತಿರುಗಿಸಿದಾಗ ಕೈ ನಿಂತಿತು.

‘ಇದೇನು ರಂಗಣ್ಣ?’

‘ಅದು ಸಾಬ್ರೇ, ನಮ್ಮ ಅಂಗಡೀಲಿ ಒಂದು...’ ಎಂದು ಅಪ್ಪ ತಡವರಿಸಿದ.

ನಾನು ಒಳಗಿನಿಂದಲೇ ಹೇಳಿದೆ:

‘ಆ ಮಗ್ಗುಲಿನ ಅಕ್ಷರ ನಾನೂ ಅವ್ವಾನೂ ಕೆಡಿಸಿದ್ವಿ. ಸೈಕಲ್ ಅಚ್ಚು ಅಂತ ಮುಖ ಕೆಳಗೆ ಮಾಡಿ ಒತ್ಬುಟ್ವಿ. ಮಿಕ್ಕಿದ್ದೆಲ್ಲ ಕೂರ್ಸಿದ್ದು ನಾನು. ಶಿರಾ ಅಂತ ಬರ್ದಿರೋದೂ ನಾನೇ. ಅಳಿಸ್ಕೊಡಲ್ಲ.’

ಸಾಬರು ನಗಲಿಲ್ಲ. ಹಡಗಿನಲ್ಲಿ ಅಷ್ಟು ದೂರ ಹೊತ್ತು ತಂದದ್ದು, ಅವರಿಗೆ ನೋವಾಗಿರಲೇಬೇಕು. ‘ಈ ಮಗ್ಗುಲು ಗೋಡೆ ಕಡೆ ಇಡ್ತೀನಿ ಬೇಟಿ’ ಎಂದಷ್ಟೇ ಹೇಳಿ ಪೆಟ್ಟಿಗೆ ಮುಚ್ಚಿಕೊಂಡು ಹೋದರು. ನಾನು ಚಾಪೆಯ ಮೇಲೆ ಮುಖ ಮುಚ್ಚಿಕೊಂಡು ಅತ್ತೆ. ಅತ್ತದ್ದು ಬರೆದದ್ದಕ್ಕಲ್ಲ, ಬರೆದದ್ದು ಗೋಡೆಗೆ ಮುಖ ಮಾಡಿ ನಿಲ್ಲಬೇಕಾದದ್ದಕ್ಕೆ. ಬಚ್ಚಲಿನಿಂದ ಅವ್ವ ನೀರು ಹುಯ್ದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಅಪ್ಪ ಬೇಲಿಯ ಹತ್ತಿರವೇ ನಿಂತಿದ್ದವನು, ಅಂಗಡಿಗೆ ಹೋಗುವ ಮುಂಚೆ ಗುಡ್ಲಿನ ಕಡೆ ಮುಖ ಮಾಡಿ, ‘ಅಕ್ಷರ ನೆಟ್ಟಗೆ ಕೂತವೆ’ ಎಂದ. ಅವನು ಅವ್ವನಿಗೆ ಒಮ್ಮೆಯೂ ಹೇಳದಿದ್ದ ಮಾತು ಅದು.

ಗುಡ್ಲು ಇಳಿದು, ಒಸಗೆಯ ಶಾಸ್ತ್ರ ಮುಗಿದು, ನಾನು ಮನೆಯೊಳಗೆ ಬಂದ ದಿನ ಸೀದಾ ಹೋಗಿ ಕಿಟಕಿಯ ಕೆಳಗೆ ಅಚ್ಚಿನ ತಟ್ಟೆಯ ಮುಂದೆ ಕೂತೆ. ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ನಾನು ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕುಟ್ಟುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಅವಳು ಬದುಕಿದ್ದಷ್ಟು ದಿನ ನನ್ನ ಮೇಲೆ ಆ ಕೋಪ ಹಾಗೇ ಇತ್ತು. ನಾನೂ ಹಾಗೇ ಕೂತೆ. ಸಾಬರ ಹೋಟೆಲಿಗೆ ಟೀ ಕುಡಿಯಲು ಹೋಗುತ್ತಿದ್ದ ಅಪ್ಪ ಒಂದು ದಿನ ಬಂದು, ಚಪ್ಪಲಿ ಬಿಡುತ್ತಾ, ‘ರೈಲು ತಿರುಗ್ಸವ್ರೆ. ನಿನ್ನ ಶಿರಾ ಈಗ ಬೀದಿ ಕಡೆಗೈತೆ. ಬಸ್ಸಿನೋರೆಲ್ಲ ಬಗ್ಗಿ ಬಗ್ಗಿ ಓದ್ತವ್ರೆ’ ಎಂದ. ಯಾಕೆ ತಿರುಗಿಸಿದರೆಂದು ಅವನೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ.

ಅದೇ ತಿಂಗಳು ಅವ್ವ ಹೊರಗೆ ಕೂತಿದ್ದ ದಿನ ತಾವರೆಕೆರೆಯ ಆ ರೈತ ಸೈಕಲ್ಲಿಗೆ ಬಂದ. ಅಪ್ಪ ಎಂದಿನ ಮಾತಿಗೆ ಬಾಯಿ ತೆರೆದವನು ಅರ್ಧಕ್ಕೆ ನಿಲ್ಲಿಸಿ, ಪರದೆ ಸರಿಸಿ ಹಿತ್ತಿಲ ಜಗಲಿಯ ಕಡೆ ನೋಡಿದ. ಅವ್ವ ಆಗಲೇ ತನ್ನ ಊಟದ ತಟ್ಟೆ ತೊಳೆದು, ಚೊಂಬಿನ ನೀರು ಸುರಿದು, ಸೀರೆ ತುಂಡು ನೆನೆಹಾಕಿಕೊಂಡು ಕೂತಿದ್ದಳು.

‘ಚೌಕಟ್ಟು ಈಚೆಗೆ ತನ್ನಿ’ ಎಂದಳು.

ಅಪ್ಪ ತಂದಿಟ್ಟ. ಆ ಮೇಲೆ ನಮ್ಮ ಅಂಗಡಿಯಲ್ಲಿ ಬಣ್ಣ ಒಣಗುವುದಕ್ಕೆ ಯಾವತ್ತೂ ಮೂರು ದಿನ ಹಿಡಿಯಲಿಲ್ಲ.